ರಜೆ ಮುಗಿಯಿತು, ಮೈನ್‌ಕ್ರಾಫ್ಟ್ ಸರ್ವರ್ ಮುಚ್ಚಬೇಕು: ಪವರ್ ಆಫ್ ಮಾಡಿದರೆ ಸಾಕಾ?

ಕೆಂಪುಕಲ್ಲು

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಚಿಕ್ಕಪ್ಪ, ಅತ್ತೆ, ಸೋದರಮಾವಂದಿರ ಮಕ್ಕಳೆಲ್ಲ ಸೇರಿ ಆಡಲಿ ಅಂತ ಒಂದು ಮೈನ್‌ಕ್ರಾಫ್ಟ್ ಜಾವಾ (ಕಂಪ್ಯೂಟರ್ ಆವೃತ್ತಿ) ಸರ್ವರ್ ಹಾಕಿದ್ದೆ. ಸರ್ವರ್ ಬಾಡಿಗೆಗೆ ಕೊಡುವ ಡಿಜಿಟಲ್‌ಓಷನ್ ಕಂಪನಿಯ ಬೆಂಗಳೂರು ಡೇಟಾಸೆಂಟರ್, 4 ಜಿಬಿ ರ್‍ಯಾಮ್‌ನ ಡ್ರಾಪ್ಲೆಟ್ (ಬಾಡಿಗೆ ಯಂತ್ರಕ್ಕೆ ಅವರು ಇಟ್ಟ ಹೆಸರು), ತಿಂಗಳಿಗೆ 24 ಡಾಲರ್‌ನದು. ಉಬುಂಟು ಲಿನಕ್ಸ್ ಮೇಲೆ ಪೇಪರ್ ಅನ್ನುವ ಮೈನ್‌ಕ್ರಾಫ್ಟ್ ಸರ್ವರ್ ತಂತ್ರಾಂಶ. ಚಿಕ್ಕವರು ಮೊಬೈಲ್‌ನಲ್ಲಿ ಆಡುತ್ತಾರೆ, ಅವರಿಗಾಗಿ ಗೀಸರ್ ಮತ್ತು ಫ್ಲಡ್‌ಗೇಟ್ ಪ್ಲಗಿನ್ (ಸರ್ವರ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ). ಶಿವಮೊಗ್ಗ, ಮೈಸೂರು, ಹುಬ್ಬಳ್ಳಿ ಮೂರೂ ಕಡೆಯಿಂದ ಲ್ಯಾಗ್ ಇಲ್ಲದೆ ಆಡಿದರು.

ಈಗ ಶಾಲೆ ಶುರುವಾಗಿದೆ. ಸರ್ವರ್ ಸುಮ್ನೆ ಓಡುತ್ತಿದೆ. ಪ್ಯಾನೆಲ್‌ನಲ್ಲಿ 'ಪವರ್ ಆಫ್' ಇದೆ, 'ಡಿಸ್ಟ್ರಾಯ್' (ಯಂತ್ರವನ್ನೇ ಪೂರ್ತಿ ಅಳಿಸುವುದು) ಕೂಡ ಇದೆ. ಪವರ್ ಆಫ್ ಮಾಡಿಟ್ಟರೆ ಬಿಲ್ ನಿಲ್ಲುತ್ತದಾ? ಬೇಸಿಗೆ ರಜೆಗೆ ಮತ್ತೆ ಬೇಕಾಗುತ್ತದೆ. ಮಕ್ಕಳು ಒಂದು ಇಡೀ ಊರನ್ನೇ ಕಟ್ಟಿದ್ದಾರೆ. ಕೆರೆ, ಕೆರೆ ಏರಿ, ರಥಬೀದಿ, ಊರು ಸುತ್ತುವ ರೈಲು ಹಳಿ. ಅದರಲ್ಲಿ ಒಂದು ಇಟ್ಟಿಗೆಯೂ ಹೋಗಬಾರದು. ದುಡ್ಡು ಹೋದರೆ ಸಂಪಾದಿಸಬಹುದು, ಇದು ಹೋದರೆ ಮಕ್ಕಳಿಗೆ ಏನು ಹೇಳಲಿ?

ಲೆಕ್ಕಪುಸ್ತಕ

ಮೊದಲು ಬಿಲ್ ವಿಷಯ. ಡಿಜಿಟಲ್‌ಓಷನ್‌ನಲ್ಲಿ ಪವರ್ ಆಫ್ ಮಾಡಿದರೆ ಬಿಲ್ ನಿಲ್ಲುವುದಿಲ್ಲ. ಯಂತ್ರ ಆರಿದ್ದರೂ ಆ ರ್‍ಯಾಮ್, ಡಿಸ್ಕ್, ಐಪಿ ವಿಳಾಸ ಎಲ್ಲವನ್ನೂ ನಿಮ್ಮ ಹೆಸರಿನಲ್ಲೇ ಹಿಡಿದಿಟ್ಟಿರುತ್ತಾರೆ. ಅದಕ್ಕೇ ಪೂರ್ತಿ ಬಾಡಿಗೆ. ಹೆಟ್ಜ್ನರ್, ಲಿನೋಡ್, ವಲ್ಟರ್ ಮೂರರಲ್ಲೂ ಇದೇ ನಿಯಮ. ಡಿಸ್ಟ್ರಾಯ್ ಮಾಡಿದ ಮೇಲೆ ಮಾತ್ರ ಮೀಟರ್ ನಿಲ್ಲುತ್ತದೆ.

ತಿಂಗಳ ಮಧ್ಯದಲ್ಲಿ ಡಿಸ್ಟ್ರಾಯ್ ಮಾಡಿದರೆ ಬಳಸಿದ ಅವಧಿಗೆ ಮಾತ್ರ ಲೆಕ್ಕ, ಪೂರ್ತಿ 24 ಡಾಲರ್ ಅಲ್ಲ. ಅದರ ಮೇಲೆ 18% ಜಿಎಸ್‌ಟಿ. ಹಾಗಾಗಿ ಒಂದೆರಡು ದಿನ ತಡವಾದರೆ ದೊಡ್ಡ ನಷ್ಟವೇನಿಲ್ಲ. ಗಾಬರಿಯಲ್ಲಿ ಈಗಲೇ ಡಿಸ್ಟ್ರಾಯ್ ಒತ್ತಬೇಡಿ. ಮೊದಲು ಮಕ್ಕಳ ಊರನ್ನು ಕಾಪಾಡಿಕೊಳ್ಳಿ.

ಸೀನಣ್ಣ

ಲೆಕ್ಕಪುಸ್ತಕ ಅವರು ಸರಿಯಾಗಿ ಹೇಳಿದ್ದಾರೆ. ನಾನು ಕೆಲಸದ ಕ್ರಮ ಹೇಳುತ್ತೇನೆ. ಸಾಮಾನ್ಯವಾಗಿ ಜನ ಎಡವುವುದು ಇಲ್ಲೇ.

ಯಂತ್ರ ಮುಟ್ಟುವ ಮೊದಲು ಆಟವನ್ನು ನಿಲ್ಲಿಸಬೇಕು. ಮೈನ್‌ಕ್ರಾಫ್ಟ್ ಸರ್ವರ್ ಪ್ರತಿ ಬದಲಾವಣೆಯನ್ನೂ ಆ ಕ್ಷಣವೇ ಡಿಸ್ಕ್‌ಗೆ ಬರೆಯುವುದಿಲ್ಲ. ನೆನಪಿನಲ್ಲಿ ಇಟ್ಟುಕೊಂಡು ಆಗಾಗ ಬರೆಯುತ್ತದೆ. ನೀವು ಪ್ಯಾನೆಲ್‌ನಿಂದ ನೇರ ಪವರ್ ಎಳೆದರೆ ಬರೆಯದೆ ಉಳಿದ ಭಾಗ ಹೋಗುತ್ತದೆ. ಬರೆಯುತ್ತಾ ಇರುವಾಗಲೇ ಎಳೆದರೆ ಆ ಫೈಲೇ ಕೆಡಬಹುದು. ಪ್ರಪಂಚದ ನೆಲ ರೀಜನ್ ಫೈಲ್‌ಗಳಲ್ಲಿ ಇರುತ್ತದೆ. ಒಂದು ರೀಜನ್ ಫೈಲ್ ಅಂದರೆ 32 x 32 ಚಂಕ್ (ನೆಲದ ತುಂಡು). ಒಂದು ಚಂಕ್ 16 x 16 ಬ್ಲಾಕ್. ಅಂದರೆ ಒಂದೇ ಫೈಲ್‌ನಲ್ಲಿ 512 x 512 ಬ್ಲಾಕ್ ನೆಲ ಇರುತ್ತದೆ. ನಿಮ್ಮ ಕೆರೆ, ರಥಬೀದಿ ಎರಡೂ ಒಂದೇ ಫೈಲ್‌ನಲ್ಲಿ ಇರುವ ಸಾಧ್ಯತೆ ಜಾಸ್ತಿ.

ಆದ್ದರಿಂದ ಎಲ್ಲರೂ ಲಾಗೌಟ್ ಆದ ಮೇಲೆ ಸರ್ವರ್ ಕನ್ಸೋಲ್‌ನಲ್ಲಿ 'ಸೇವ್-ಆಲ್ ಫ್ಲಶ್' ಕೊಡಿ. ಸೇವ್ ಆಯಿತು ಅಂತ ಬಂದ ಮೇಲೆ 'ಸ್ಟಾಪ್' ಕೊಡಿ. ಜಾವಾ ಪ್ರೋಸೆಸ್ ತಾನಾಗಿ ಮುಗಿಯುವವರೆಗೆ ಕಾಯಿರಿ. ಬಲವಂತವಾಗಿ ಮುಗಿಸುವ 'ಕಿಲ್ ಮೈನಸ್ 9' ಯಾವ ಕಾರಣಕ್ಕೂ ಬೇಡ.

ಡಾಕರ್‌ನಲ್ಲಿ (ತಂತ್ರಾಂಶವನ್ನು ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವ ಸಾಧನ) ಓಡಿಸುವವರು ಇನ್ನೂ ಒಂದು ಗಮನಿಸಬೇಕು. 'ಡಾಕರ್ ಸ್ಟಾಪ್' ಕೊಟ್ಟರೆ ಅದು ಮಾಮೂಲಾಗಿ 10 ಸೆಕೆಂಡ್ ಕಾದು ಆಮೇಲೆ ಬಲವಂತವಾಗಿ ಮುಗಿಸುತ್ತದೆ. ದೊಡ್ಡ ಪ್ರಪಂಚ ಸೇವ್ ಆಗಲು ಅದು ಸಾಲದು, ಕಾಯುವ ಸಮಯ ಜಾಸ್ತಿ ಮಾಡಿಕೊಳ್ಳಿ. ಲಿನಕ್ಸ್‌ನ ಸಿಸ್ಟಮ್‌ಡಿ ಸರ್ವಿಸ್ ಆದರೆ ಮಾಮೂಲು 90 ಸೆಕೆಂಡ್ ಇರುತ್ತದೆ, ಸಾಮಾನ್ಯವಾಗಿ ಸಾಕಾಗುತ್ತದೆ.

ನಿಂತ ಮೇಲೆ ಪ್ರಪಂಚದ ಫೋಲ್ಡರ್‌ಗಳನ್ನು ಟಾರ್ ಮಾಡಿ (ಒಂದೇ ಫೈಲ್ ಆಗಿ ಕಟ್ಟಿ). ಅದರ ಎಸ್‌ಎಚ್‌ಎ256 (ಫೈಲ್‌ನ ಬೆರಳಚ್ಚು ತರಹದ ಸಂಖ್ಯೆ) ತೆಗೆದಿಟ್ಟುಕೊಳ್ಳಿ. ಎಸ್‌ಸಿಪಿ ಅಥವಾ ಆರ್‌ಸಿಂಕ್ ಎಂಬ ಫೈಲ್ ಸಾಗಿಸುವ ಸಾಧನದಲ್ಲಿ ನಿಮ್ಮ ಕಂಪ್ಯೂಟರಿಗೆ ಇಳಿಸಿ, ಅಲ್ಲೂ ಎಸ್‌ಎಚ್‌ಎ256 ತೆಗೆದು ಎರಡೂ ಒಂದೇನಾ ನೋಡಿ. ಆಮೇಲೆ ನಿಮ್ಮ ಕಂಪ್ಯೂಟರಿನಲ್ಲಿ ಮೈನ್‌ಕ್ರಾಫ್ಟ್ 'ಸೇವ್ಸ್' ಫೋಲ್ಡರಿಗೆ ಹಾಕಿ, ಪ್ರಪಂಚ ತೆರೆದು, ನೀವೇ ಒಳಗೆ ನಡೆದು ನೋಡಿ. ರೈಲು ಹಳಿ ಪೂರ್ತಿ ಸುತ್ತಿ ಬನ್ನಿ. ಡಿಸ್ಟ್ರಾಯ್ ಅದಾದ ಮೇಲೆ. ಫೈಲ್ ಇಳಿಯಿತು ಅಂದ ಮಾತ್ರಕ್ಕೆ ಬ್ಯಾಕಪ್ ಆಯಿತು ಅಂತಲ್ಲ.

ತುಂಗಾತೀರ

ಸೀನಣ್ಣ, ನಡುವೆ ಬಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನಾನು ಕಂಪ್ಯೂಟರ್ ಕೆಲಸದವಳಲ್ಲ. ನನ್ನ ಇಬ್ಬರು ಮಕ್ಕಳೂ ಇಂಥದ್ದೇ ಒಂದು ಸರ್ವರ್‌ನಲ್ಲಿ ಆಡಿದರು, ಬೇರೆಯವರು ನಡೆಸಿದ್ದು. ಒಂದು ಬೆಳಿಗ್ಗೆ ನೋಡಿದರೆ ಸರ್ವರ್ ಇಲ್ಲ. ಹೇಳದೆ ಕೇಳದೆ ಮುಚ್ಚಿದ್ದರು. ಚಿಕ್ಕವಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ದೊಡ್ಡವರಿಗೆ ಅದು ಆಟ, ಅವಳಿಗೆ ಅದು ಅವಳ ಮನೆ.

ದುಡ್ಡು ಕೊಟ್ಟವರು ಒಬ್ಬರೇ ಇರಬಹುದು, ಕಟ್ಟಿದವರು ಎಲ್ಲರೂ ಅಲ್ವಾ? ಕೆಂಪುಕಲ್ಲು ಅವರೇ, ಮುಚ್ಚುವ ದಿನ ಮೊದಲೇ ಹೇಳಿ. ಆಮೇಲೆ ಎಲ್ಲ ಮನೆಗೂ ಒಂದೊಂದು ಕಾಪಿ ಕೊಡಿ. ಆದರೆ ನಮ್ಮಂಥ ಮನೆಯಲ್ಲಿ ಮೊಬೈಲ್ ಮಾತ್ರ ಇರುತ್ತದೆ. ಆ ಕಾಪಿ ಮೊಬೈಲ್‌ನಲ್ಲಿ ತೆರೆಯುತ್ತದಾ?

ಸೀನಣ್ಣ

ತುಂಗಾತೀರ ಅಕ್ಕ, ಇದು ನಾನು ಮೊದಲೇ ಹೇಳಬೇಕಿದ್ದ ವಿಷಯ. ಒಳ್ಳೆಯದಾಯಿತು ಕೇಳಿದ್ದು.

ಮೊಬೈಲ್‌ನಲ್ಲಿ ಇರುವುದು ಬೆಡ್‌ರಾಕ್ ಆವೃತ್ತಿ. ಜಾವಾ ಪ್ರಪಂಚ ಅದರಲ್ಲಿ ನೇರ ತೆರೆಯುವುದಿಲ್ಲ, ಫೈಲ್ ಬರೆಯುವ ರೀತಿಯೇ ಬೇರೆ. ಗೀಸರ್ ಇದ್ದಿದ್ದರಿಂದ ಮಕ್ಕಳು ಜಾವಾ ಸರ್ವರ್‌ಗೆ ಮೊಬೈಲ್‌ನಿಂದ ಬರಲು ಆಯಿತು, ಅದು ನಡುವೆ ನಿಂತು ಭಾಷಾಂತರ ಮಾಡುತ್ತಿತ್ತು. ಸರ್ವರ್ ಹೋದರೆ ಅದೂ ಹೋಯಿತು. ಆದರೆ ಚಂಕರ್ ಅಂತ ಒಂದು ಉಚಿತ ಸಾಧನ ಇದೆ, ಹೈವ್ ಗೇಮ್ಸ್‌ನವರದು. ಜಾವಾ ಪ್ರಪಂಚ ಕೊಟ್ಟರೆ ಬೆಡ್‌ರಾಕ್‌ಗೆ ಬದಲಿಸಿಕೊಡುತ್ತದೆ. ಗೋಡೆ, ನೆಲ, ಕೆರೆ, ಹಳಿ ಚೆನ್ನಾಗಿಯೇ ಬರುತ್ತವೆ. ರೆಡ್‌ಸ್ಟೋನ್ (ಆಟದೊಳಗಿನ ವಿದ್ಯುತ್ ತರಹದ್ದು) ಯಂತ್ರಗಳು ಕೈಕೊಡಬಹುದು, ಏಕೆಂದರೆ ಎರಡು ಆವೃತ್ತಿಗಳಲ್ಲಿ ರೆಡ್‌ಸ್ಟೋನ್ ನಡೆದುಕೊಳ್ಳುವ ರೀತಿಯೇ ಬೇರೆ.

ಇನ್ನೊಂದು ಸಂಗತಿ ಇದೆ, ಇದನ್ನು ಸರ್ವರ್ ಇರುವಾಗಲೇ ಮಾಡಬೇಕು. ಪ್ರತಿಯೊಬ್ಬರ ಚೀಲದಲ್ಲಿರುವ ಸಾಮಾನು ಆ ಆಟಗಾರರದ್ದೇ ಒಂದು ಫೈಲ್‌ನಲ್ಲಿ ಇರುತ್ತದೆ. ಎಂಡರ್ ಚೆಸ್ಟ್ (ಒಬ್ಬೊಬ್ಬರಿಗೂ ಬೇರೆ ಬೇರೆ ಸಾಮಾನು ತೋರಿಸುವ ಪೆಟ್ಟಿಗೆ) ಒಳಗಿನದೂ ಅಲ್ಲೇ. ಆ ಫೈಲ್‌ಗೆ ಹೆಸರಾಗಿ ಇರುವುದು ಯುಯುಐಡಿ, ಅಂದರೆ ಆಟಗಾರರ ಗುರುತಿನ ಸಂಖ್ಯೆ. ಮೊಬೈಲ್‌ನಿಂದ ಫ್ಲಡ್‌ಗೇಟ್ ಮೂಲಕ ಬಂದವರಿಗೆ ಸಿಗುವ ಯುಯುಐಡಿ ಬೇರೆಯದೇ. ಹಾಗಾಗಿ ಪ್ರಪಂಚ ಬೇರೆ ಕಡೆ ತೆರೆದಾಗ ಅವರ ಚೀಲ ಖಾಲಿ ಇರುತ್ತದೆ. ಕೊನೆಯ ದಿನ ಎಲ್ಲರನ್ನೂ ಒಟ್ಟಿಗೆ ಕರೆಯಿರಿ. ಚೀಲದ್ದು, ಎಂಡರ್ ಚೆಸ್ಟ್‌ದು ಎಲ್ಲ ತೆಗೆದು ಮಾಮೂಲಿ ಮರದ ಪೆಟ್ಟಿಗೆಗಳಲ್ಲಿ ಇಡಲು ಹೇಳಿ. ಪೆಟ್ಟಿಗೆ ಮೇಲೆ ಹೆಸರಿನ ಬೋರ್ಡ್ ಹಾಕಲಿ. ಮಾಮೂಲಿ ಪೆಟ್ಟಿಗೆ ನೆಲದ ಜೊತೆ ಚಂಕ್‌ನಲ್ಲೇ ಉಳಿಯುತ್ತದೆ, ಎಲ್ಲಿ ತೆರೆದರೂ ಸಿಗುತ್ತದೆ.

ಕೆಂಪುಕಲ್ಲು

ತುಂಗಾತೀರ ಅಕ್ಕ, ಖಂಡಿತ ಕೊಡುತ್ತೇನೆ. ಭಾನುವಾರ ಸಂಜೆ ಕೊನೆಯ ಆಟ ಅಂತ ಮನೆಯವರ ಗುಂಪಿನಲ್ಲಿ ಹಾಕಿದ್ದೇನೆ. ಪೆಟ್ಟಿಗೆ ವಿಷಯವನ್ನೂ ಹೇಳಿದ್ದೇನೆ. ಹುಬ್ಬಳ್ಳಿ ತಮ್ಮ ಈಗಲೇ ಉಗ್ರಾಣ ಕಟ್ಟಲು ಶುರು ಮಾಡಿದ್ದಾನೆ.

ಹಳೇ ಲ್ಯಾನ್

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಷ್ಟೆಲ್ಲ ಯಾಕೆ? ಡ್ರಾಪ್ಲೆಟ್‌ನ ಸ್ನ್ಯಾಪ್‌ಶಾಟ್ (ಇಡೀ ಯಂತ್ರದ ಡಿಸ್ಕ್ ನಕಲು) ತೆಗೆಯಿರಿ, ಡ್ರಾಪ್ಲೆಟ್ ಡಿಸ್ಟ್ರಾಯ್ ಮಾಡಿ. ಸ್ನ್ಯಾಪ್‌ಶಾಟ್‌ಗೆ ಜಿಬಿಗೆ ತಿಂಗಳಿಗೆ 0.06 ಡಾಲರ್. 6 ಜಿಬಿ ಆದರೆ 0.36 ಡಾಲರ್. ಬೇಸಿಗೆಗೆ ಅದರಿಂದಲೇ ಹೊಸ ಡ್ರಾಪ್ಲೆಟ್ ಎಬ್ಬಿಸಿದರೆ ಜಾವಾ, ಪ್ಲಗಿನ್, ಫೈರ್‌ವಾಲ್ ಎಲ್ಲ ಇದ್ದ ಹಾಗೆ ಬರುತ್ತದೆ. ಐದು ನಿಮಿಷದ ಕೆಲಸ.

ಇರುಳುಪಾಳಿ

ಹಳೇ ಲ್ಯಾನ್ ಸರ್, ಹೆಚ್ಚುವರಿ ಭದ್ರತೆಗೆ ಸ್ನ್ಯಾಪ್‌ಶಾಟ್ ಒಳ್ಳೆಯದೇ. ಅದೊಂದನ್ನೇ ನಂಬುವುದನ್ನು ನಾನು ಒಪ್ಪುವುದಿಲ್ಲ. ಡಿಜಿಟಲ್‌ಓಷನ್ ಸ್ನ್ಯಾಪ್‌ಶಾಟ್ ಅನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಆಗುವುದಿಲ್ಲ. ಅದು ಅವರ ಅಂಗಳದಲ್ಲೇ ಇರುತ್ತದೆ. ಕಾರ್ಡ್ ಅವಧಿ ಮುಗಿದು, ಬಿಲ್ ಕಟ್ಟದೆ ಖಾತೆ ಮುಚ್ಚಿದರೆ ಸ್ನ್ಯಾಪ್‌ಶಾಟ್ ಕೂಡ ಹೋಯಿತು. ಮೊಬೈಲ್ ಮಾತ್ರ ಇರುವ ಮನೆಗಳ ಮಕ್ಕಳಿಗೆ ಅದರಿಂದ ಏನೂ ಸಿಗುವುದಿಲ್ಲ.

ಇನ್ನೂ ಮುಖ್ಯವಾದ ಮಾತು. ಸ್ನ್ಯಾಪ್‌ಶಾಟ್ ಅಂದರೆ ಹಳೆಯ ಯಂತ್ರ, ಅದರ ಹಳೆಯ ತೂತುಗಳ ಸಮೇತ. 2021ರ ಡಿಸೆಂಬರ್ ನೆನಪಿದೆಯಾ? ಲಾಗ್‌ಫೋರ್‌ಶೆಲ್ ಅನ್ನುವ ಭದ್ರತಾ ತೂತು ಹೊರಬಂದಾಗ ಮೈನ್‌ಕ್ರಾಫ್ಟ್ ಜಾವಾ ಸರ್ವರ್‌ಗಳ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕಿತ್ತು, ಯಂತ್ರದ ಮೇಲೆ ಹಿಡಿತ ಸಿಗುತ್ತಿತ್ತು. ಆಟದಲ್ಲಿ ಅದು 1.18.1ಕ್ಕೆ ಸರಿಯಾಯಿತು. ಆ ನವೆಂಬರ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆದಿಟ್ಟು ಮುಂದಿನ ಬೇಸಿಗೆಗೆ ಹಾಗೇ ಎಬ್ಬಿಸಿದ್ದರೆ ಆ ತೂತೂ ಅದರ ಜೊತೆ ಎದ್ದು ಕೂರುತ್ತಿತ್ತು. ಅದಕ್ಕೇ ನಾನು ಹೇಳುವುದು, ಪ್ರಪಂಚ ಹಳೆಯದು ಇರಲಿ, ಯಂತ್ರ ಹೊಸದು ಇರಲಿ. ಪ್ರಪಂಚದ ಫೋಲ್ಡರ್ ಒಂದಿದ್ದರೆ ಉಳಿದಿದ್ದೆಲ್ಲ ಒಂದು ಸಂಜೆಯಲ್ಲಿ ಮತ್ತೆ ಹಾಕಬಹುದು.

ಹಳೇ ಲ್ಯಾನ್

ಇಳಿಸಿಕೊಳ್ಳಲು ಆಗುವುದಿಲ್ಲ ಅನ್ನುವ ಮಾತು ದೊಡ್ಡದು, ಒಪ್ಪಿದೆ. ಆದರೂ ಟಾರ್ ಫೈಲ್ ಪರೀಕ್ಷೆ ಮುಗಿಯುವವರೆಗಾದರೂ ಒಂದು ಸ್ನ್ಯಾಪ್‌ಶಾಟ್ ಇರಲಿ ಅನ್ನುತ್ತೇನೆ. ಅದಕ್ಕೆ ಆಗುವ ಖರ್ಚು ಪೈಸೆಗಳಲ್ಲಿ.

ಇರುಳುಪಾಳಿ

ಅದಕ್ಕೆ ನನ್ನದೂ ಹೂಂ. ಒಂದು ತಿಂಗಳು ಇಟ್ಟು ಅಳಿಸಿ.

ಗಡಿಯಾರ

ನಂದು ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಮುಂಬೈನಲ್ಲಿ ಇದೆ. ವ್ಯಾಲ್‌ಹೈಮ್ ಅನ್ನುವ ಆಟದ ಸರ್ವರ್. ಇನ್‌ಸ್ಟೆನ್ಸ್ (ಅಲ್ಲಿನ ಬಾಡಿಗೆ ಯಂತ್ರ) 'ಸ್ಟಾಪ್' ಮಾಡಿದರೆ ದುಡ್ಡು ನಿಲ್ಲುತ್ತದೆ ಅಂತ ಕೇಳಿದ್ದೇನೆ. ನಿಜಾನಾ?

ಇರುಳುಪಾಳಿ

ಅರ್ಧ ನಿಜ. ಎಡಬ್ಲ್ಯೂಎಸ್‌ನಲ್ಲಿ ಸ್ಟಾಪ್ ಮಾಡಿದರೆ ಇನ್‌ಸ್ಟೆನ್ಸ್ ಗಂಟೆ ಬಾಡಿಗೆ ನಿಲ್ಲುತ್ತದೆ. ಇಬಿಎಸ್, ಅಂದರೆ ಅದರ ಡಿಸ್ಕ್‌ನ ಬಾಡಿಗೆ ನಿಲ್ಲುವುದಿಲ್ಲ. ಎಲಾಸ್ಟಿಕ್ ಐಪಿ (ನಿಮ್ಮ ಹೆಸರಿಗೇ ಕಾಯ್ದಿಟ್ಟ ವಿಳಾಸ) ಇಟ್ಟುಕೊಂಡಿದ್ದರೆ ಅದಕ್ಕೂ ದುಡ್ಡು. 2024ರ ಫೆಬ್ರವರಿ 1ರಿಂದ ಎಲ್ಲ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ 0.005 ಡಾಲರ್, ಇನ್‌ಸ್ಟೆನ್ಸ್‌ಗೆ ಸೇರಿಸಿದ್ದರೂ ಅಷ್ಟೇ, ಸೇರಿಸದಿದ್ದರೂ ಅಷ್ಟೇ. 30 ದಿನಕ್ಕೆ 3.60 ಡಾಲರ್. ಆಟವೇ ಇಲ್ಲದ ಒಂದು ವಿಳಾಸಕ್ಕೆ ತಿಂಗಳಿಗೆ ಮುನ್ನೂರು ರೂಪಾಯಿ ಮೇಲೆ. ಎಲಾಸ್ಟಿಕ್ ಅಲ್ಲದ ಮಾಮೂಲಿ ವಿಳಾಸ ಆದರೆ ಸ್ಟಾಪ್ ಮಾಡಿದ ತಕ್ಷಣ ಕೈ ಬಿಟ್ಟು ಹೋಗುತ್ತದೆ, ಮತ್ತೆ ಸ್ಟಾರ್ಟ್ ಮಾಡಿದಾಗ ಬೇರೆ ವಿಳಾಸ ಬರುತ್ತದೆ.

ಪೂರ್ತಿ ಮುಗಿಸಲು 'ಟರ್ಮಿನೇಟ್' ಮಾಡಬೇಕು. ಟರ್ಮಿನೇಟ್ ಮಾಡಿದರೆ ಮೂಲ ಡಿಸ್ಕ್ ಸಾಮಾನ್ಯವಾಗಿ ಜೊತೆಯಲ್ಲೇ ಅಳಿದು ಹೋಗುತ್ತದೆ. ನೀವು ಆಮೇಲೆ ಸೇರಿಸಿದ ಡಿಸ್ಕ್ ಹಾಗೇ ಉಳಿಯುತ್ತದೆ. ಸ್ನ್ಯಾಪ್‌ಶಾಟ್‌ಗಳೂ ಉಳಿಯುತ್ತವೆ, ಎಲಾಸ್ಟಿಕ್ ಐಪಿಯೂ ಉಳಿಯುತ್ತದೆ. ಒಂದೊಂದನ್ನೂ ಕೈಯಾರೆ ಬಿಡುಗಡೆ ಮಾಡಬೇಕು. ಕನ್ಸೋಲ್‌ನಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದು ರೀಜನ್ (ಡೇಟಾಸೆಂಟರ್ ಇರುವ ಪ್ರದೇಶ) ಮಾತ್ರ ಕಾಣುತ್ತದೆ ಅನ್ನುವುದು ನೆನಪಿರಲಿ. ಮೊದಲು ಅಮೆರಿಕದ ವರ್ಜೀನಿಯಾದಲ್ಲಿ ಪ್ರಯೋಗ ಮಾಡಿ, ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ) ಜಾಸ್ತಿ ಅಂತ ಮುಂಬೈಗೆ ಬಂದವರು ಬಹಳ ಜನ. ಅಲ್ಲಿ ಬಿಟ್ಟು ಬಂದ ಡಿಸ್ಕ್ ಇಲ್ಲಿಂದ ಕಾಣುವುದಿಲ್ಲ. ಬಿಲ್ ಪುಟದಲ್ಲಿ ಕಾಣುತ್ತದೆ.

ವ್ಯಾಲ್‌ಹೈಮ್‌ಗೆ ಪ್ರಪಂಚದ ಎರಡು ಫೈಲ್ ಬೇಕು, ಒಂದು ಡಿಬಿ, ಒಂದು ಎಫ್‌ಡಬ್ಲ್ಯೂಎಲ್. ಎರಡರ ಹೆಸರೂ ಒಂದೇ ಇರುತ್ತದೆ. ಒಂದನ್ನೇ ಇಳಿಸಿಕೊಂಡರೆ ಉಪಯೋಗ ಇಲ್ಲ. ಸರ್ವರ್ ನಿಲ್ಲಿಸುವಾಗ ಕಂಟ್ರೋಲ್-ಸಿ ಕೊಟ್ಟು, ಪ್ರಪಂಚ ಸೇವ್ ಆಗುವವರೆಗೆ ಬಿಡಿ. ಪಾತ್ರಗಳ ಸಾಮಾನು ಬಗ್ಗೆ ನಿಮಗೆ ಚಿಂತೆ ಇಲ್ಲ, ಅದರಲ್ಲಿ ಪಾತ್ರ ಆಟಗಾರರ ಕಡೆಯೇ ಉಳಿಯುತ್ತದೆ.

ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜ್ಯೂರ್ ಬಳಸುವವರು ಯಾರಾದರೂ ಓದುತ್ತಿದ್ದರೆ: ಯಂತ್ರದ ಒಳಗಿನಿಂದ ಶಟ್‌ಡೌನ್ ಕೊಟ್ಟರೆ ಅಲ್ಲಿ ಬಾಡಿಗೆ ಓಡುತ್ತಲೇ ಇರುತ್ತದೆ. ಪೋರ್ಟಲ್‌ನಿಂದ ಸ್ಟಾಪ್ ಕೊಟ್ಟು, ಸ್ಥಿತಿ 'ಡಿಅಲೊಕೇಟೆಡ್' (ಯಂತ್ರ ಬಿಟ್ಟುಕೊಟ್ಟಿದೆ) ಅಂತ ಬಂದಿದೆಯಾ ನೋಡಬೇಕು. ಆಗಲೂ ಡಿಸ್ಕ್‌ಗೆ ದುಡ್ಡು ಇದೆ.

ಗಡಿಯಾರ

ವರ್ಜೀನಿಯಾದಲ್ಲಿ 30 ಜಿಬಿ ಡಿಸ್ಕ್ ಒಂದು ನಿಜವಾಗಿಯೂ ಇದೆ! ಈಗ ನೋಡಿದೆ. ಅಳಿಸುತ್ತಿದ್ದೇನೆ. ತುಂಬಾ ಥ್ಯಾಂಕ್ಸ್ ಗುರು.

ಕೆಂಪುಕಲ್ಲು

ಭಾನುವಾರದ ಆಟ ಮುಗಿಯಿತು. ಸೇವ್, ಸ್ಟಾಪ್, ಟಾರ್ ಎಲ್ಲ ಆಯಿತು. ಎಸ್‌ಎಚ್‌ಎ256 ಎರಡೂ ಕಡೆ ಒಂದೇ ಇದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದೆ. ಊರು, ಕೆರೆ, ಹಳಿ ಎಲ್ಲ ಸರಿ ಇದೆ. ಆದರೆ ನೆದರ್‌ಗೆ (ಆಟದೊಳಗಿನ ಬೆಂಕಿಯ ಲೋಕ) ಹೋದರೆ ನಾವು ಕಟ್ಟಿದ ಸುರಂಗ ದಾರಿ ಇಲ್ಲ! ಹೊಸದಾಗಿ ಹುಟ್ಟಿದ ನೆದರ್ ತರಹ ಇದೆ. ಕೋಟೆಯವರೆಗಿನ ದಾರಿ ಪೂರ್ತಿ ಮೈಸೂರು ತಂಗಿಯ ಕೆಲಸ. ಡ್ರಾಪ್ಲೆಟ್ ಇನ್ನೂ ಇದೆ, ಏನೂ ಅಳಿಸಿಲ್ಲ.

ಸೀನಣ್ಣ

ಗಾಬರಿ ಬೇಡ, ಸುರಂಗ ಎಲ್ಲೂ ಹೋಗಿಲ್ಲ. ನಿಮ್ಮಲ್ಲಿರುವ ಆವೃತ್ತಿಯಲ್ಲಿ ಪೇಪರ್ ನೆದರ್, ಎಂಡ್ (ಆಟದ ಇನ್ನೊಂದು ಲೋಕ) ಎರಡನ್ನೂ ಬೇರೆ ಫೋಲ್ಡರ್‌ನಲ್ಲಿ ಇಡುತ್ತದೆ. ನಿಮ್ಮಲ್ಲಿ 'ವರ್ಲ್ಡ್', 'ವರ್ಲ್ಡ್ ನೆದರ್', 'ವರ್ಲ್ಡ್ ದಿ ಎಂಡ್' ಅಂತ ಮೂರು ಇರುತ್ತವೆ. ಮಾಮೂಲಿ ಆಟ ಮಾತ್ರ ಮೂರನ್ನೂ ಒಂದೇ ಫೋಲ್ಡರ್ ಒಳಗೆ ಹುಡುಕುತ್ತದೆ. ಸಿಗದಿದ್ದರೆ ಹೊಸ ನೆದರ್ ಹುಟ್ಟಿಸುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಈಗ ತೆರೆದ ಕಾಪಿ ಅಳಿಸಿ, ಟಾರ್‌ನಿಂದ ಹೊಸದಾಗಿ ತೆಗೆಯಿರಿ. ನೆದರ್ ಫೋಲ್ಡರ್ ಒಳಗೆ 'ಡಿಐಎಂ-1' ಅಂತ ಒಂದು ಫೋಲ್ಡರ್ ಇದೆ, ಮೈನಸ್ ಗುರುತು ಸಮೇತ. ಅದನ್ನು 'ವರ್ಲ್ಡ್' ಒಳಗೆ ಹಾಕಿ. ಎಂಡ್ ಫೋಲ್ಡರ್‌ನಲ್ಲಿ ಮೈನಸ್ ಇಲ್ಲದ 'ಡಿಐಎಂ1' ಇದೆ, ಅದನ್ನೂ ಹಾಗೇ ಮಾಡಿ. ಆಮೇಲೆ ತೆರೆಯಿರಿ.

ಕೆಂಪುಕಲ್ಲು

ಬಂತು ಸೀನಣ್ಣ! ಸುರಂಗ ಪೂರ್ತಿ ಇದೆ, ದಾರಿ ದೀಪಗಳ ಸಮೇತ. ಪೆಟ್ಟಿಗೆಗಳನ್ನೂ ತೆರೆದು ನೋಡಿದೆ, ಎಲ್ಲರ ಸಾಮಾನೂ ಇದೆ. ಆದರೆ ಫೈಲ್ 2 ಜಿಬಿ ಮೇಲೆ ಇದೆ, ಮೊಬೈಲ್ ಇರುವ ಮನೆಗಳಿಗೆ ಭಾರ ಆಗುತ್ತದೆ.

ಸೀನಣ್ಣ

ಅದರಲ್ಲಿ ಮುಕ್ಕಾಲು ಪಾಲು ಯಾರೂ ನಿಲ್ಲದ ಕಾಡು, ಸಮುದ್ರ ಇರುತ್ತದೆ. ಯಾರಾದರೂ ಓಡಾಡುತ್ತಾ ಹೋದರೆ ದಾರಿಯುದ್ದಕ್ಕೂ ಚಂಕ್ ಹುಟ್ಟಿ ಫೈಲ್‌ನಲ್ಲಿ ಕೂರುತ್ತದೆ. ಎಂಸಿಎ ಸೆಲೆಕ್ಟರ್ ಅನ್ನುವ ಉಚಿತ ಸಾಧನದಲ್ಲಿ ಮೇಲಿನಿಂದ ನಕ್ಷೆ ಕಾಣುತ್ತದೆ. ಆಟಗಾರರು ಸ್ವಲ್ಪ ಹೊತ್ತೂ ಕಳೆಯದ ಚಂಕ್‌ಗಳನ್ನು ಆರಿಸಿ ತೆಗೆಯಬಹುದು. ಮತ್ತೆ ಅಲ್ಲಿಗೆ ಯಾರಾದರೂ ಹೋದರೆ ಅದೇ ಸೀಡ್‌ನಿಂದ (ಪ್ರಪಂಚ ಹುಟ್ಟಿಸುವ ಸಂಖ್ಯೆ) ಅದೇ ನೆಲ ಮತ್ತೆ ಹುಟ್ಟುತ್ತದೆ, ಆಟದ ಆವೃತ್ತಿ ಬದಲಾಗದಿದ್ದರೆ. ಇದನ್ನು ಕಾಪಿಯ ಮೇಲೆ ಮಾತ್ರ ಮಾಡಿ, ಮೂಲ ಟಾರ್ ಮುಟ್ಟಬೇಡಿ. ಮೂಲದ ಪಕ್ಕದಲ್ಲೇ ಒಂದು ಚೀಟಿ ಫೈಲ್ ಇಟ್ಟು ಆಟದ ಆವೃತ್ತಿ, ಸೀಡ್, ಪ್ಲಗಿನ್ ಪಟ್ಟಿ ಬರೆಯಿರಿ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಪ್ರಪಂಚವನ್ನು ಹಳೆಯದಕ್ಕೆ ನೇರವಾಗಿ ವಾಪಸ್ ತರಲು ಆಗುವುದಿಲ್ಲ.

ಇರುಳುಪಾಳಿ

ಎಲ್ಲರಿಗೂ ಹಂಚುವ ಮೊದಲು ಒಂದು ಮಾತು. ಪ್ರಪಂಚದ ಫೋಲ್ಡರ್ ಮಾತ್ರ ಹಂಚಿ, ಇಡೀ ಸರ್ವರ್ ಫೋಲ್ಡರ್ ಬೇಡ. 'ಲಾಗ್ಸ್' ಒಳಗೆ ಪ್ರತಿಯೊಬ್ಬರು ಲಾಗಿನ್ ಆದಾಗಿನ ಐಪಿ ವಿಳಾಸ ಇರುತ್ತದೆ, ಚಾಟ್ ಮಾತು ಕೂಡ. 'ಸರ್ವರ್ ಪ್ರಾಪರ್ಟೀಸ್' ಫೈಲ್‌ನಲ್ಲಿ ಆರ್‌ಕಾನ್ (ದೂರದಿಂದ ಸರ್ವರ್ ನಡೆಸುವ ವ್ಯವಸ್ಥೆ) ಪಾಸ್‌ವರ್ಡ್ ಹಾಗೇ ಬರೆದಿರುತ್ತದೆ. ಮಕ್ಕಳ ಮಾತು ಮಕ್ಕಳ ನಡುವೆಯೇ ಇರಲಿ.

ಡೊಮೇನ್ ಹೆಸರು ಕೊಟ್ಟಿದ್ದೀರಾ? ಕೊಟ್ಟಿದ್ದರೆ ಡಿಸ್ಟ್ರಾಯ್ ಮಾಡಿದ ದಿನವೇ ಅದರ ಎ ರೆಕಾರ್ಡ್, ಎಸ್‌ಆರ್‌ವಿ ರೆಕಾರ್ಡ್ (ಹೆಸರನ್ನು ಸರ್ವರ್‌ಗೆ ಜೋಡಿಸುವ ನಮೂದುಗಳು) ತೆಗೆಯಿರಿ. ನೀವು ಬಿಟ್ಟ ಐಪಿ ನಾಳೆ ಬೇರೆ ಯಾರಿಗೋ ಹೋಗುತ್ತದೆ. ಆಮೇಲೆ ನಿಮ್ಮ ಹೆಸರು ಹಾಕಿದ ಮಕ್ಕಳು ಗೊತ್ತಿಲ್ಲದವರ ಸರ್ವರ್‌ಗೆ ಹೋಗಿ ಸೇರುತ್ತಾರೆ. ಇದು ಸಣ್ಣ ವಿಷಯ ಅಲ್ಲ. ಡಿಸ್ಕಾರ್ಡ್ ಬಾಟ್ ಏನಾದರೂ ಜೋಡಿಸಿದ್ದರೆ ಅದರ ಟೋಕನ್ (ಪಾಸ್‌ವರ್ಡ್ ತರಹದ ಕೀಲಿ) ರದ್ದು ಮಾಡಿ. ಬ್ಯಾಕಪ್ ಸ್ಕ್ರಿಪ್ಟ್‌ಗೆ ಡಿಜಿಟಲ್‌ಓಷನ್ ಎಪಿಐ ಟೋಕನ್ ಕೊಟ್ಟಿದ್ದರೆ ಅದನ್ನೂ.

ಕೆಂಪುಕಲ್ಲು

ಡೊಮೇನ್ ಇತ್ತು, ಎರಡೂ ರೆಕಾರ್ಡ್ ತೆಗೆದೆ. ಟೋಕನ್ ರದ್ದು ಮಾಡಿದೆ. ಚಿಕ್ಕದಾದ ಕಾಪಿ ಚಂಕರ್‌ಗೆ ಹಾಕಿ ಬೆಡ್‌ರಾಕ್ ಫೈಲ್ ಮಾಡಿದೆ, ಅತ್ತೆಯ ಫೋನ್‌ನಲ್ಲಿ ತೆರೆಯಿತು. ಹಳಿಯ ಸಿಗ್ನಲ್ ಒಂದು ಕೆಲಸ ಮಾಡುತ್ತಿಲ್ಲ, ರೈಲು ಮಾತ್ರ ಓಡುತ್ತದೆ. ಮೂಲ ಟಾರ್ ಒಂದು ನನ್ನ ಲ್ಯಾಪ್‌ಟಾಪ್‌ನಲ್ಲಿ, ಒಂದು ಮಾವನ ಹಾರ್ಡ್‌ಡಿಸ್ಕ್‌ನಲ್ಲಿ ಇದೆ.

ಈಗ ಡಿಸ್ಟ್ರಾಯ್ ಒತ್ತುತ್ತೇನೆ. ಕಾರ್ಡ್ ಕೂಡ ತೆಗೆದುಬಿಡಲಾ?

ಲೆಕ್ಕಪುಸ್ತಕ

ಕಾರ್ಡ್ ಈಗಲೇ ತೆಗೆಯಬೇಡಿ. ಈ ತಿಂಗಳು ಬಳಸಿದ್ದರ ಬಿಲ್ ಮುಂದಿನ ತಿಂಗಳ 1ಕ್ಕೆ ಬರುತ್ತದೆ. ಕಾರ್ಡ್ ತೆಗೆದರೂ, ಬ್ಯಾಂಕಿನಲ್ಲಿ ಬ್ಲಾಕ್ ಮಾಡಿಸಿದರೂ ಬಾಕಿ ಬಾಕಿಯೇ. ಕಾರ್ಡ್ ಬ್ಲಾಕ್ ಮಾಡಿದರೆ ಸರ್ವರ್ ತಾನಾಗಿ ಮುಚ್ಚುತ್ತದೆ ಅಂತ ಕೆಲವರು ಸಲಹೆ ಕೊಡುತ್ತಾರೆ, ಅದನ್ನು ಕೇಳಬೇಡಿ.

ಡಿಸ್ಟ್ರಾಯ್ ಆದ ಮೇಲೆ ಎಡಗಡೆ ಪಟ್ಟಿಯಲ್ಲಿ ವಾಲ್ಯೂಮ್ (ಹೆಚ್ಚುವರಿ ಡಿಸ್ಕ್), ಸ್ನ್ಯಾಪ್‌ಶಾಟ್, ರಿಸರ್ವ್ಡ್ ಐಪಿ (ಕಾಯ್ದಿಟ್ಟ ವಿಳಾಸ) ಮೂರನ್ನೂ ತೆರೆದು ನೋಡಿ. ರಿಸರ್ವ್ಡ್ ಐಪಿ ಡ್ರಾಪ್ಲೆಟ್‌ಗೆ ಸೇರಿದ್ದಾಗ ಬಿಟ್ಟಿ, ಒಂಟಿಯಾಗಿ ಬಿಟ್ಟರೆ ದುಡ್ಡು. ಅದು ಇದ್ದರೆ ಈಗಲೇ ಬಿಡುಗಡೆ ಮಾಡಿ. ಸ್ನ್ಯಾಪ್‌ಶಾಟ್ ತೆಗೆದಿದ್ದರೆ, ಒಂದು ತಿಂಗಳು ಇಟ್ಟು ಅಳಿಸಿ ಅಂತ ಇರುಳುಪಾಳಿ ಹೇಳಿದಂತೆ, ಅಳಿಸುವ ದಿನಕ್ಕೆ ಫೋನ್‌ನಲ್ಲಿ ಅಲಾರಾಂ ಹಾಕಿ. ಅದು ಅಳಿದ ಮೇಲೆ ಬರುವ ಬಿಲ್ ಕಟ್ಟಿ, ಅದರ ಮುಂದಿನ ತಿಂಗಳ ಬಿಲ್ ಸೊನ್ನೆ ಬಂದಿದೆಯಾ ನೋಡಿ. ಸೊನ್ನೆ ಕಂಡ ಮೇಲೆ ಕಾರ್ಡ್ ತೆಗೆಯಿರಿ.

ಕೆಂಪುಕಲ್ಲು

ಡಿಸ್ಟ್ರಾಯ್ ಆಯಿತು. ವಾಲ್ಯೂಮ್ ಇಲ್ಲ, ರಿಸರ್ವ್ಡ್ ಐಪಿ ಇಲ್ಲ, ಸ್ನ್ಯಾಪ್‌ಶಾಟ್ ಒಂದೇ ಇದೆ. ಅಲಾರಾಂ ಹಾಕಿದ್ದೇನೆ. ತುಂಗಾತೀರ ಅಕ್ಕ, ನಿಮ್ಮ ಮಕ್ಕಳು ಆಡಿದ ಸರ್ವರ್ ನಡೆಸಿದವರ ಪರಿಚಯ ಇದ್ದರೆ ಒಮ್ಮೆ ಕೇಳಿ. ಸ್ನ್ಯಾಪ್‌ಶಾಟ್ ಏನಾದರೂ ಉಳಿದಿದ್ದರೆ ಅದರಿಂದ ಒಂದು ಗಂಟೆ ಡ್ರಾಪ್ಲೆಟ್ ಎಬ್ಬಿಸಿ ಪ್ರಪಂಚ ಇಳಿಸಿಕೊಳ್ಳಬಹುದು. ಬದಲಿಸಿ ಕೊಡುವ ಕೆಲಸ ನಾನು ಮಾಡುತ್ತೇನೆ.

ತುಂಗಾತೀರ

ಪರಿಚಯ ಇದೆ, ನಮ್ಮ ಬೀದಿಯ ಹುಡುಗನೇ. ಇವತ್ತು ಸಂಜೆ ಅವರ ಮನೆಗೆ ಹೋಗಿ ಕೇಳುತ್ತೇನೆ. ನೀವು ಬರೆದಿದ್ದನ್ನು ಅವನಿಗೆ ತೋರಿಸಲಾ?

ಕೆಂಪುಕಲ್ಲು

ತೋರಿಸಿ ಅಕ್ಕ. ಅವನು ಯಾವ ಕಂಪನಿಯಲ್ಲಿ ಹಾಕಿದ್ದ, ಯಾವ ಆವೃತ್ತಿ ಆಡುತ್ತಿದ್ದರು ಅಂತ ಕೇಳಿ ಇಲ್ಲೇ ಬರೆಯಿರಿ.